ದರ್ಯಪ್ಪನ ಪಾಲಿನ ಟಗರು

ಮಾಳಪ್ಪ: ಹಗ್ಗಾ ಬಿಡ ರಂಗಿ! ಕಳ್ಳಗ ಹರಕಿ ಹೊತ್ತು, ಆ ಕಳ್ಳಗ ಟಗರು ಮುಟ್ಟಸಾಕ ಗಾಡಿ ತರಿಸಿದಾಕಿ ಈ ಭೂಮಿ ಮ್ಯಾಲ ನೀ ಒಬ್ಬಾಕೀನ!

ರಂಗವ್ವ: ಕಳ್ಳ ಅನಬ್ಯಾಡ್ರಿ, ನಾಲಿಗಿ ಸೇದೀತು. ದರ್ಯಪ್ಪ ಅನ್ರಿ.

ಮಾಳಪ್ಪ: ಎಲ್ಲೀ ದರ್ಯಪ್ಪ? ಅಂವನ ಹೆಸರು ದರಿಯಾ ನಾಯಕ. ಸಮುದ್ರದಾಗ ಹಡಗ ದೋಚೂ ಕಡಲಗಳ್ಳ. ಅಪ್ಪ ಅಂತ ಹಚ್ಚಿದಾಕಿ ನೀನು!

ರಂಗವ್ವ: ದೊಡ್ಡಾವ್ರನ್ನ ಬರೇ ಹೆಸರ ಹಿಡದ ಕರೀತಾರೇನ್ರಿ?

ಐಹೊಳೆಯಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಗೆ, ಮಾಳಪ್ಪನ ಮನೆಯ ಮುಂದೆ, ಇಮಾಮಹುಸೇನನ ಪಿಕಪ್ ಗಾಡಿ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಗಾಡಿಯ ಕಡೆಗೆ ಹಗ್ಗ ಜಗ್ಗುತ್ತಿದ್ದವಳು ರಂಗವ್ವ. ದೊಡ್ಡಿಯ ಕಡೆಗೆ ಜಗ್ಗುತ್ತಿದ್ದವನು ಅವಳ ಗಂಡ. ಹಗ್ಗದ ನಡುವೆ ಇದ್ದದ್ದು ಛೇರ್ಮನ್ ಎಂಬ ಟಗರು. ಎದುರಿಗೆ ಬಂದವರಿಗೆಲ್ಲ ಗುದ್ದುತ್ತದೆ, ಯಾಕೆಂದು ಕೇಳಿದರೆ ಬೇರೆ ಕಡೆ ನೋಡುತ್ತದೆ. ಅದಕ್ಕೇ ಊರವರು ಆ ಹೆಸರಿಟ್ಟರು. ಸದ್ಯಕ್ಕೆ ಅದು ಯಾವ ಪಕ್ಷವನ್ನೂ ಸೇರದೆ ಇಮಾಮಹುಸೇನನ ಹೆಗಲ ಟವೆಲ್ಲಿನ ಅಂಚು ಮೇಯುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಗಂಡ ಹೆಂಡತಿ ಇದೇ ಗಾಡಿಯಲ್ಲಿ ಪರಂಗಿಯವರು ಕಟ್ಟಿದ ಒಂದು ಬಂದರು ಪಟ್ಟಣಕ್ಕೆ ಹೋಗಿ ಬಂದಿದ್ದರು. ಮಾಳಪ್ಪನ ತಮ್ಮ ಶಂಭು ಅಲ್ಲಿ ಗಟಾರ ತೋಡುತ್ತಾನೆ. ಆ ಊರಿನ ಗಟಾರಗಳಲ್ಲಿ ಆಡಿದ್ದು ಬಹುಪಾಲು ನಮ್ಮ ಜಿಲ್ಲೆಯ ಸಲಿಕೆಗಳೇ. ಅದನ್ನು ಅಲ್ಲಿ ಯಾರೂ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಕೆತ್ತಿರುವುದು ಕಡಲುಗಳ್ಳರ ಹೆಸರು. ಟಿಕೆಟ್ಟು ಹರಿದುಕೊಟ್ಟು, ಊರೆಲ್ಲ ನಡೆಸಿ, ‘ಇಲ್ಲಿ ದೋಚಿದರು, ಇಲ್ಲಿ ಹೂತಿಟ್ಟರು, ಇಲ್ಲಿ ಗಲ್ಲಿಗೇರಿದರು’ ಎಂದು ತೋರಿಸುತ್ತಾರೆ. ಶಂಭು ಪ್ರೀತಿಯಿಂದ ಅಣ್ಣ ಅತ್ತಿಗೆಯನ್ನು ಆ ಸುತ್ತಾಟಕ್ಕೆ ಕಳಿಸಿದ್ದ. ರಂಗವ್ವ ಅಲ್ಲಿ ಹೊತ್ತ ಹರಕೆ ಈಗ ಫಲಿಸಿ ಕೂತಿತ್ತು.

ಮಾಳಪ್ಪ: ಲೇ ಇಮಾಮ, ನೀನೂ ಇದ್ದೆಲ್ಲ ಆವತ್ತು. ಆ ಗೈಡ್ ಏನ ಹೇಳಿದ, ಇಕಿಗೆ ಇನ್ನೊಮ್ಮೆ ಹೇಳು.

ಇಮಾಮಹುಸೇನ: ಅಂವ ಹಿಂದೀಲೆ ಹೇಳಿದ, ನನ್ನ ಹರಕ ಹಿಂದಿಗೆ ಎಷ್ಟ ತಿಳೀತೋ ಅಷ್ಟ ಹೇಳೇನಿ ಅಣ್ಣಾ. ಬಿಳಿ ಮಂದಿ ಹಡಗ ಮಾಲ ತುಂಬಕೊಂಡ ಬಂದ್ರ ಈ ದರಿಯಾ ನಾಯಕ ಸಣ್ಣ ದೋಣ್ಯಾಗ ಹೋಗಿ ದೋಚತಿದ್ದ. ಕಡೀಕ ಹಿಡದು ಬಂದರದ ಧಕ್ಕಿ ಮ್ಯಾಲ ಗಲ್ಲಿಗೆ ಹಾಕಿದ್ರು.

ಮಾಳಪ್ಪ: ಕೇಳಿದೇನು? ಗಲ್ಲಿಗೆ! ದೇವರನ್ನ ಯಾರರ ಗಲ್ಲಿಗೆ ಹಾಕ್ತಾರೇನು?

ರಂಗವ್ವ: ಹಾಕಿದಾವ್ರು ಯಾರು?

ಮಾಳಪ್ಪ: ಬಿಳಿ ಮಂದಿ.

ರಂಗವ್ವ: ನಮ್ಮ ಹಲಗಲಿ ಬ್ಯಾಡ್ರನ್ನ ಗಲ್ಲಿಗೆ ಹಾಕಿದಾವ್ರು ಯಾರು?

ಮಾಳಪ್ಪ: ಅದೂ ಅವ್ರ. ಆದ್ರ ಅದು ಬ್ಯಾರೆ...

ರಂಗವ್ವ: ಏನ ಬ್ಯಾರೆ? ಆಯುಧ ಕೊಡಾಂಗಿಲ್ಲ ಅಂದಾವ್ರಿಗೆ ಪುಂಡ್ರು ಅಂದ್ರು. ಮಾಲ ಕಸಗೊಂಡಾಂವಗ ಕಳ್ಳ ಅಂದ್ರು. ಇಡೀ ದೇಶಾನ ಗಂಟ ಕಟಗೊಂಡ ಹಡಗಿನ್ಯಾಗ ಹಾಕ್ಕೊಂಡ ಹೊಂಟಾವ್ರಿಗೆ ಏನಂದ್ರು? ಸಾಹೇಬ್ರು ಅಂದ್ರು! ನಮ್ಮ ಗಂಟಿನಾಗಿಂದ ನಮ್ಮಾಂವ ಒಂದ ಹಿಡಿ ತಿರುಗಿ ತಗೊಂಡ್ರ ಅದು ಕಳವೇನ್ರಿ?

ಹಲಗಲಿಯವರ ಹೆಸರು ಬಂದಮೇಲೆ ಈ ಸೀಮೆಯಲ್ಲಿ ಯಾರೂ ತಟ್ಟನೆ ಎದುರು ಮಾತಾಡುವುದಿಲ್ಲ. ಆದರೆ ಮಾಳಪ್ಪ ಹಗ್ಗ ಮಾತ್ರ ಬಿಡಲಿಲ್ಲ.

ಮಾಳಪ್ಪ: ಒಳ್ಳೇಂವ ಇರ್ಲಿ, ಕೆಟ್ಟಾಂವ ಇರ್ಲಿ, ಅದು ಗುಡಿ ಅಲ್ಲ. ಮ್ಯೂಸಿಯಮ್ಮು! ಆ ಮೂರ್ತಿ ಫೈಬರ್ರು. ಬೆನ್ನಾಗ ತೂತ ಬಿದ್ದಿತ್ತು, ಒಳಗ ಹಲ್ಲಿ ಇತ್ತು. ನಾನ ಕಣ್ಣಾರೆ ನೋಡೇನಿ.

ರಂಗವ್ವ: ನಮ್ಮ ಬೀರಪ್ಪನ ಗುಡ್ಯಾಗ ಹಲ್ಲಿ ಇಲ್ಲೇನ್ರಿ? ನೋಡ್ರಿ, ಬಾಗಲದಾಗ ಚಪ್ಪಲಿ ಬಿಡಿಸಿದ್ರೋ ಇಲ್ಲೋ?

ಮಾಳಪ್ಪ: ಕಟಗಿ ನೆಲ ಹಾಳಾಗತೈತಂತ ಬಿಡಿಸಿದ್ರು.

ರಂಗವ್ವ: ಒಳಗ ಕತ್ತಲ ಕೋಣಿ. ಒಂದ ಸಣ್ಣ ದೀಪ. ನಿಂತ ಮೂರ್ತಿ. ಕೈಯಾಗ ಕತ್ತಿ, ಇಷ್ಟುದ್ದ ಮೀಸಿ, ತಲಿಗೆ ಕೆಂಪ ರುಮಾಲ. ಮುಂದ ಒಂದ ಕಟಗಿ ಪೆಟಗಿ, ಪೆಟಗಿ ತುಂಬ ಮಂದಿ ಒಗದ ಚಿಲ್ರಿ. ಇದೆಲ್ಲಾ ಇದ್ದಮ್ಯಾಲೂ ದೇವರು ಅನ್ನಲಿಲ್ಲಂದ್ರ ನಮ್ಮವ್ವ ನನಗ ಏನ ಕಲಿಸಿದಂಗಾತು?

ಇಮಾಮಹುಸೇನ: ಅಕ್ಕಾ, ಅದು ನಿಧಿ ಪೆಟಗಿ. ಶೋಕಿಗೆ ಇಟ್ಟಿದ್ರು.

ರಂಗವ್ವ: ನೀನೂ ಒಂದ ರೂಪಾಯಿ ಒಗದೆಲ್ಲ ತಮ್ಮಾ?

ಇಮಾಮಹುಸೇನ: ಎಲ್ಲಾರೂ ಒಗದ್ರು, ನಾನೂ ಒಗದೆ.

ರಂಗವ್ವ: ಮತ್ತ! ನಿನ್ನ ಕೈಗೆ ತಿಳಿದಿದ್ದು ನಿನ್ನ ತಲಿಗೆ ತಿಳೀಲಿಲ್ಲ.

ಮಾಳಪ್ಪ: ಇಕಿ ಅಷ್ಟಕ್ಕ ಸುಮ್ಮನಿದ್ಲೇನು? ಸೆರಗಿನ ಗಂಟ ಬಿಚ್ಚಿ, ಬೀರಪ್ಪನ ಬಂಡಾರದ ಅರಿಷಿಣಪುಡಿ ತಗದು, ‘ಚಾಂಗಭಲೋ’ ಅಂತ ಒದರಿ ಮುಖದ ಮ್ಯಾಲ ತೂರಿಬಿಟ್ಲು! ಮೀಸಿ ಹಳದಿ, ಕತ್ತಿ ಹಳದಿ. ಬಾಜೂಕ ನಿಂತ ಫಾರಿನ್ ಹೆಣಮಗಳು ಸೀನಿ ಸೀನಿ ಹೈರಾಣಾದ್ಲು. ಕಾವಲಿನಾಂವ ಸೀಟಿ ಊದಿದ. ಅವಾಗರ ತಿಳಕೋಬೇಕಿತ್ತು.

ರಂಗವ್ವ: ನಮ್ಮಲ್ಲಿ ಡೊಳ್ಳು ಬಾರಸ್ತಾರ, ಅವ್ರಲ್ಲಿ ಸೀಟಿ ಊದ್ತಾರ ಅಂದ್ಕೊಂಡೆ. ಚೊಲೋ ಊದಿದ ಪಾಪ, ಒಂದ ಉಸರಿನ್ಯಾಗ.

ಮಾಳಪ್ಪ: ಆಮ್ಯಾಲ ಬಂಡಾರ ವರಸಾಕ ಹಚ್ಚಿದ್ದು ಯಾರನ್ನ? ನನ್ನನ್ನ! ನನ್ನ ಧೋತರದಲೆ!

ರಂಗವ್ವ: ದೇವರ ಮೈ ವರಸೂ ಸೇವಾ ಎಲ್ಲಾರ್ಗೂ ಸಿಗತೈತೇನ್ರಿ? ಬಾಯಿ ಬಿಟ್ಟ ಹೇಳಿ ಪುಣ್ಯಾ ಕಳಕೋಬ್ಯಾಡ್ರಿ.

ಛೇರ್ಮನ್ ಟವೆಲ್ಲು ಮುಗಿಸಿ ಇಮಾಮಹುಸೇನನ ಅಂಗಿಯ ಕಡೆಗೆ ಕತ್ತು ಚಾಚಿತು. ಅವನು ಗಾಡಿಯ ಬಾನೆಟ್ಟಿನ ಮೇಲೆ ಹತ್ತಿ ಕೂತ.

ರಂಗವ್ವ: ಕಣ್ಣಿನ ಸುದ್ದಿ ಯಾಕ ಹೇಳವಲ್ರಿ? ಬಂಡಾರದ ಪವಾಡ ನಾ ಒಬ್ಬಾಕೀನ ನೋಡಿಲ್ಲ, ನೀವೂ ನೋಡೀರಿ.

ಇಮಾಮಹುಸೇನ: ಯಾವ ಕಣ್ಣಕ್ಕಾ?

ರಂಗವ್ವ: ಆ ಗೈಡ್ ಹುಡುಗಗ ಒಂದ ಕಣ್ಣ ಇರಲಿಲ್ಲ. ಕಣ್ಣಿಗೆ ಕರೇ ಅರಬಿ ಪಟ್ಟಿ ಕಟಗೊಂಡಿದ್ದ. ಎಳೀ ವಯಸ್ಸು, ಯಾರ ಹೆಣ್ಣ ಕೊಡ್ತಾರ ಇಂಥಾಂವಗ? ಅಂವನ ಹಣಿಗೂ ಒಂದ ಚಿಟಿಕಿ ಬಂಡಾರ ಹಚ್ಚಿ, ದರ್ಯಪ್ಪಾ ಈ ಕೂಸಿಗೆ ಕಣ್ಣ ಕೊಡು ಅಂದೆ. ಅಷ್ಟರಾಗ ಅಂವನ ಫೋನ್ ರಿಂಗಾತು. ಅರಬಿ ಮ್ಯಾಲೆತ್ತಿ ಫೋನ್ ನೋಡಿದ. ಕಣ್ಣ ಐತಿ! ಪಿಳಿಪಿಳಿ ಅಂತೈತಿ!

ಮಾಳಪ್ಪ: ಅದು ವೇಷಾ! ಕಡಲಗಳ್ಳರ ವೇಷಾ! ಮಂದೀನ ನಗಸಾಕ ಕಟಗೊಂಡಿದ್ದ ಅಂವ!

ರಂಗವ್ವ: ಕಣ್ಣಿದ್ದಾಂವ ಯಾರರ ಮುಚ್ಚಗೊಂಡ ಕಲ್ಲ ಹಾದ್ಯಾಗ ಅಡ್ಡಾಡ್ತಾನೇನ್ರಿ? ಎರಡ ಸಲ ಎಡವಿದ, ನಾನ ಹಿಡಕೊಂಡೆ.

ಮಾಳಪ್ಪ: ಥೂ ನಿನ್ನ! ಓದಬೇಕು ಸ್ವಲ್ಪ, ತಿಳಕೋಬೇಕು. ಮಂದಿ ಹೇಳಿದ್ದೆಲ್ಲಾ ನಂಬಿದ್ರ ಹಿಂಗ ಆಗತೈತಿ.

ರಂಗವ್ವ: ಹೌದ್ರಿ. ನೀವು ಏನೂ ನಂಬಲಿಲ್ಲ. ತಮ್ಮಾ ಇಮಾಮ, ಅಂಗಡ್ಯಾಗ ನಿಧಿ ನಕಾಶೆ ಮಾರತಿದ್ರಲ್ಲ, ಚಾದ ನೀರಾಗ ಅದ್ದಿದಂಗ ಇತ್ತಲ್ಲ ಕಾಗದ, ಅದನ್ನ ತಗೊಂಡಾವ್ರು ಯಾರು?

ಇಮಾಮಹುಸೇನ ಆಕಾಶ ನೋಡಿದ. ಮಾಳಪ್ಪ ಟಗರಿನ ಕೊಂಬು ನೋಡಿದ.

ಮಾಳಪ್ಪ: ಅದು... ಗ್ವಾಡಿಗೆ ಹಚ್ಚಾಕ ತಗೊಂಡಿದ್ದೆ.

ರಂಗವ್ವ: ಗ್ವಾಡಿಗೆ ಹಚ್ಚೂದನ್ನ ಧೋತರದಾಗ ಮುಚ್ಚಿ ಒಯ್ದು, ಮೈದುನಗ ತೋರಿಸಿ, ‘ಶಂಭೂ ಇಲ್ಲಿ ತೋಡಲೇ, ಇಲ್ಲಿ ಗುಣಾಕಾರದ ಗುರುತ ಹಾಕ್ಯಾರ’ ಅಂದಾವ್ರು ಯಾರ್ರಿ? ಪಾಪ, ದಿನಾ ಗಟಾರ ತೋಡಾಂವ ಆಯಿತವಾರ ಸೂಟಿ ದಿನಾನೂ ತೋಡಿದ. ಏನ ಸಿಕ್ತು?

ಇಮಾಮಹುಸೇನ: ಪೈಪ್ ಸಿಕ್ತಕ್ಕಾ. ಒಡದ ಮ್ಯಾಲ ತಿಳೀತು, ಸಂಡಾಸದ್ದು.

ಇದು ಮಾಳಪ್ಪನಿಗೆ ಹಲಗಲಿಯ ಮಾತಿಗಿಂತ ಜೋರಾಗಿ ಬಿತ್ತು. ಅವನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ದನಿ ಇಳಿಸಿದ.

ಮಾಳಪ್ಪ: ಆತು ಮಾರಾಯ್ತಿ. ದೇವರು ಅಂತ್ಲೇ ತಿಳಿ. ಅಷ್ಟ ದೂರ ಯಾಕ? ಇಲ್ಲೇ ಬನಶಂಕರಿ ಅದಾಳ. ಆಕೀಗೆ ಒಂದ ಸೀರಿ ಏರಿಸಿ, ದರ್ಯಪ್ಪನ ಹೆಸರಲೆ ಮುಟ್ಟಿಸ್ಕೋ ತಾಯೀ ಅಂದ್ರಾತು. ಟ್ರಾನ್ಸ್‌ಫರ್!

ರಂಗವ್ವ: ಒಬ್ರಿಗೆ ಬೇಡ್ಕೊಂಡಿದ್ದನ್ನ ಇನ್ನೊಬ್ರಿಗೆ ಕೊಡಾಕ ಬರಾಂಗಿಲ್ಲ. ಛೇರ್ಮನ್ನನ ನಿನಗ ಒಪ್ಪಸ್ತೇನಿ, ಶಂಭುನ ಗುಡಸಲ ಮುಂದ ಕೊಯ್ದು ದುಡಿಯೂ ಮಂದಿಗೆಲ್ಲ ಊಟಾ ಹಾಕ್ತೇನಿ, ನನ್ನ ಮಗಾ ಬೀರೇಶಗ ಒಂದ ಹೆಣ್ಣ ಕೂಡಿಸು ಅಂತ ಬೇಡ್ಕೊಂಡೇನಿ. ಕೂಡಿಸಿದ. ಕುರಿ ಕಾಯಾಂವಗ ಕೊಡೂದಿಲ್ಲ ಅಂತ ಎಷ್ಟ ಮನ್ಯಾವ್ರು ಬರೇ ಚುರಮರಿ ಸೂಸಲಾ ತಿನಿಸಿ ಕಳಿಸಿದ್ರು! ನೆಂಟಸ್ತಿಕಿ ಕೇಳಿ ಕೇಳಿ ನನಗ ಪಿತ್ತ ಆಗಿತ್ತು. ಬಂಡಾರ ತೂರಿ ಬಂದಿದ್ದ ತಡ, ದಾನಮ್ಮನ ಮನ್ಯಾವ್ರು ತಾವಾಗಿ ಹೇಳಿ ಕಳಿಸಿದ್ರು.

ಮಾಳಪ್ಪನ ಕಣ್ಣಲ್ಲಿ ಏನೋ ಹೊಳೆಯಿತು. ಹಗ್ಗದ ತುದಿ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದ.

ಮಾಳಪ್ಪ: ತಡಿ. ದಾನಮ್ಮನ್ನ ಮೊದಲ ಯಾರಿಗೆ ಕೇಳಿದ್ರು?

ರಂಗವ್ವ: ನಿಮ್ಮ ತಂಗಿ ಯಮನವ್ವನ ಮಗಗ.

ಮಾಳಪ್ಪ: ಮಾತ ಎಲ್ಲೀತನ ಬಂದಿತ್ತು?

ರಂಗವ್ವ: ಸೀರಿ ತರೂತನ ಬಂದಿತ್ತು.

ಮಾಳಪ್ಪ: ತಂದ ಸೀರಿ ಯಮನವ್ವನ ಮನ್ಯಾಗ ಉಳೀತು, ಹುಡುಗಿ ಈ ಕಡಿ ಬಂತು! ಈಗ ತಿಳೀತೇನ? ಕಡಲಗಳ್ಳ ಎಲ್ಲಿಂದ ತಂದ ಕೊಡ್ತಾನ? ಅಂವನ ಮನ್ಯಾಗ ಹೆಣ್ಣದಾವೇನು? ನಮ್ಮ ಯಮನವ್ವನ ಹಡಗಕ್ಕ ಹಾಯ್ದು ದೋಚಿ ತಂದಾನ! ಕಳವಿನ ಮಾಲ ಮನಿ ತುಂಬಿಸ್ಕೊಂಡು, ಮ್ಯಾಲ ಅಂವಗ ಟಗರಾ ಬ್ಯಾರೆ! ನನ್ನ ತಂಗಿ ನನ್ನ ಮುಖಾ ನೋಡವಲ್ಲಳು!

ಇಮಾಮಹುಸೇನ: ಅಣ್ಣಾ, ಇದು ಖರೆ ಐತಿ ನೋಡು. ಕೊಟ್ಟಾಂವ ಅವನಾ ಇದ್ರ, ತಂದಿದ್ದು ಹಂಗ ಇರಬೇಕು.

ರಂಗವ್ವ: ಬಾನೆಟ್ಟಿಂದ ಇಳಿ ನೀ ಮೊದಲ! ಇಳದು ಟಗರು ಏರಿಸಾಕ ಕೈ ಹಚ್ಚು.

ಇಮಾಮಹುಸೇನ: ಹಚ್ಚಾಂಗಿಲ್ಲಕ್ಕಾ. ಆಚಿ ವಾರ ಹಚ್ಚಿದ್ದೆ, ಇನ್ನೂ ಸೊಂಟಾ ಹಿಡದೈತಿ.

ಇಷ್ಟರಲ್ಲಿ ರಸ್ತೆಯಿಂದ ಒಂದು ಸ್ಕೂಟಿ ಅಂಗಳಕ್ಕೆ ಹೊರಳಿತು. ಇಳಿದವಳು ದಾನಮ್ಮ, ಬೀರೇಶನಿಗೆ ನಿಶ್ಚಯವಾದ ಹೆಣ್ಣು. ಈ ಸುತ್ತಲ ಹಳ್ಳಿಗಳಲ್ಲಿ ಕುರಿ ಆಡಿಗೆ ಲಸಿಕೆ ಹಾಕುವ, ಔಷಧ ಕುಡಿಸುವ ಪಶುಸಖಿ. ಹೆಗಲಲ್ಲಿ ಔಷಧದ ಚೀಲ, ತಲೆಗೆ ಸುತ್ತಿದ ಓಢಣಿ. ರಂಗವ್ವ ದಿಗಿಲುಬಿದ್ದು ಸೆರಗು ಸರಿಮಾಡಿಕೊಂಡಳು. ಮಾಳಪ್ಪ ದಿಗಿಲುಬೀಳಲಿಲ್ಲ, ಬೆಳಿಗ್ಗೆ ಕದ್ದು ಫೋನ್ ಮಾಡಿದವನು ಅವನೇ.

ರಂಗವ್ವ: ಅಯ್ಯ, ನೀ ಯಾಕ ಬಂದಿ ತಂಗೀ? ಮದವಿಗೆ ಮುಂಚೆ ಹಿಂಗ ಬರಬಾರದವ್ವ.

ದಾನಮ್ಮ: ಸೊಸಿ ಆಗಿ ಬಂದಿಲ್ರಿ ಅತ್ತಿ, ಡ್ಯೂಟಿ ಮ್ಯಾಲ ಬಂದೇನಿ. ಛೇರ್ಮನ್ಗ ಭಾಳ ಆರಾಮಿಲ್ಲ, ಮೇವ ಮುಟ್ಟವಲ್ದು ಅಂತ ಮಾವ ಫೋನ್ ಹಚ್ಚಿದ್ರು.

ಛೇರ್ಮನ್ ಬಾಯಿಂದ ಟವೆಲ್ಲಿನ ಕೊನೆಯ ಎಳೆ ಜೋತಾಡುತ್ತಿತ್ತು.

ರಂಗವ್ವ: ಓಹೋ. ರೋಗದ ಟಗರು ದೇವರಿಗೆ ನಡಿಯೂದಿಲ್ಲ ಅಂತ ಈ ಹುನ್ನಾರೇನ್ರಿ?

ಮಾಳಪ್ಪ: ನೋಡವ್ವಾ ದಾನಮ್ಮ, ಚೊಲೋತ್ನಂಗ ನೋಡು. ಒಳಗ ಜ್ವರಾ ಇರತೈತಿ ಒಮ್ಮೊಮ್ಮೆ. ಹೊರಗ ಕಾಣೂದಿಲ್ಲ.

ಮಾಳಪ್ಪ ಒಂದು ಕಣ್ಣು ಹೊಡೆದ. ದಾನಮ್ಮ ಕಣ್ಣು ಹೊಡೆದದ್ದನ್ನು ನೋಡಲಿಲ್ಲ. ಟಗರಿನ ಕಣ್ಣು, ಬಾಯಿ, ಕಾಲ್ಗೊರಸು ನೋಡಿದಳು. ಆಶ್ಚರ್ಯವೆಂದರೆ ಛೇರ್ಮನ್ ಗುದ್ದಲಿಲ್ಲ.

ದಾನಮ್ಮ: ಏನೂ ಆಗಿಲ್ರಿ ಮಾವ. ಕಲ್ಲ ತಿಂದ ಕರಗಸ್ತೈತಿ. ಎಲ್ಲಿಗೆ ಹೊಂಟೈತಿ ಇದು?

ಬಾನೆಟ್ಟಿನ ಮೇಲಿನಿಂದ ಇಮಾಮಹುಸೇನ ಎಲ್ಲವನ್ನೂ ಹೇಳಿದ: ಬಂದರು, ಕಡಲುಗಳ್ಳ, ಬಂಡಾರ, ಹರಕೆ, ಮಾಳಪ್ಪನ ಲೆಕ್ಕದ ಕಳವಿನ ಮಾಲು. ಕೊನೆಯದನ್ನು ಹೇಳಬಾರದಿತ್ತು ಎಂದು ಅವನಿಗೆ ಹೇಳಿದ ಮೇಲೆ ತಿಳಿಯಿತು.

ದಾನಮ್ಮ: ಮಾಲ? ನಾ ಏನ ಮೆಣಸಿನಕಾಯಿ ಚೀಲಾ? ಒಂದ ಹಡಗಿಂದ ಎತ್ತಿ ಇನ್ನೊಂದಕ್ಕ ಒಗ್ಯಾಕ?

ಮಾಳಪ್ಪ: ಮಾತಿಗೆ ಅಂದ್ನೆವ್ವಾ, ಮಾತಿಗೆ...

ದಾನಮ್ಮ: ಕೇಳ್ರಿ ಹಂಗಾರ. ನಿಮ್ಮ ಅಳ್ಯಾ, ಯಮನವ್ವನ ಮಗಾ, ಬಾಗಲಕೋಟಿ ಫೈನಾನ್ಸಿನ್ಯಾಗ ಕುರ್ಚಿ ಮ್ಯಾಲ ಕುಂದರತಾನ. ನನ್ನ ನೋಡಾಕ ಬಂದಾಗ ಮೂಗ ಮುಚ್ಚಗೊಂಡ. ‘ಕುರಿ ವಾಸ್ನಿ ಬರತೈತಿ, ಈ ಕೆಲಸಾ ಬಿಡಬೇಕು’ ಅಂದ. ನೀನ ಬಿಡು ಅಂತ ನಾ ಅಂದೆ. ಸೀರಿ ತಿರುಗಿ ಕೊಟ್ಟೆ. ಯಾವ ಕಳ್ಳನೂ ಬಂದಿರಲಿಲ್ಲ ಅವಾಗ, ಯಾವ ದೇವರೂ ಬಂದಿರಲಿಲ್ಲ.

ರಂಗವ್ವ: ಮತ್ತ ನಮ್ಮ ಬೀರೇಶನ್ನ...

ದಾನಮ್ಮ: ಲಸಿಕಿ ಹಾಕಾಕ ಬಂದಾಗ ಈ ಟಗರು ನೋಡಿದೆ. ಇಂಥಾ ಟಗರು ಈ ತಾಲೂಕಿನ್ಯಾಗ ನಾ ನೋಡಿಲ್ಲ. ಕಾಲ ನೋಡ್ರಿ, ಎದಿ ನೋಡ್ರಿ. ಟಗರನ್ನ ಇಷ್ಟ ಚೆಂದ ನೋಡಕೊಂಡಾಂವ ಹೆಂಡ್ತೀನ ಸುಮಾರಾಗ್ಯಾದ್ರೂ ನೋಡಕೋತಾನ ಅಂತ ತಿಳದೆ. ಯಾರ ನೋಡಕೋತಾರ ಇದನ್ನ?

ಮಾಳಪ್ಪನ ಎದೆ ಉಬ್ಬಿತು. ಹುಟ್ಟಿದ ದಿನದಿಂದ ಹಾಲುಣಿಸಿ, ಮೈ ತಿಕ್ಕಿ, ತಾನು ಉಣ್ಣುವ ಮೊದಲು ಅದಕ್ಕೆ ಹುರುಳಿ ನೆನೆಸಿಟ್ಟವನು ಅವನು. ಬಾಯಿ ತೆರೆದ. ರಂಗವ್ವ ಅವನ ಕಾಲಿನ ಮೇಲೆ ಕಾಲಿಟ್ಟು ತನ್ನ ತೂಕವನ್ನೆಲ್ಲ ಬಿಟ್ಟಳು.

ಮಾಳಪ್ಪ: ಬೀ... ಬೀರೇಶ. ಎಲ್ಲಾ ಬೀರೇಶನ ಮಾಡ್ತಾನ. ನಾ ಹತ್ರಾನೂ ಹೋಗೂದಿಲ್ಲ.

ರಂಗವ್ವ: ನಮ್ಮ ಬೀರೇಶಂದ್ರ ಛೇರ್ಮನ್ಗ ಜೀವವ್ವ.

ದಾನಮ್ಮ: ಹೌದ್ರಿ? ಬೀರೇಶ ನನ್ನ ಮುಂದ ಬ್ಯಾರೇನ ಹೇಳಿದ. ‘ಅದು ನಮ್ಮಪ್ಪಂದು. ನಾ ಹತ್ರ ಹೋದ್ರ ಗುದ್ದತೈತಿ, ಮೂರು ಓಣಿ ಓಡಸ್ತೈತಿ’ ಅಂದ. ಹೆಣ್ಣಿನ ಮುಂದ ಖರೆ ಹೇಳೂ ಗಂಡ್ಸು ಅಂತ ಅಲ್ಲೇ ಒಪ್ಪಿದೆ. ಈಗ ತಿಳೀತು, ಈ ಮನ್ಯಾಗ ಆ ಚಟಾ ಅಂವಗ ಒಬ್ಬಂಗ ಐತಿ.

ಬಾನೆಟ್ಟಿನ ಮೇಲಿನಿಂದ ಕೆಮ್ಮು ಕೇಳಿತು. ನಗು ತಡೆದುಕೊಂಡವರ ಕೆಮ್ಮು.

ದಾನಮ್ಮ: ಇನ್ನ ಹೇಳಿಬಿಡತೇನಿ ಅತ್ತಿ. ಇದು ಬೀಜದ ಟಗರು. ನಾ ಬಂದ ಮ್ಯಾಲ ಇದರಿಂದ ಒಂದ ಹಿಂಡ ಮಾಡಬೇಕಂತೇನಿ. ಟಗರು ಈ ಗಾಡಿ ಏರ್ತಂದ್ರ ನಾ ಮದವಿ ಹಂದರ ಏರಾಂಗಿಲ್ಲ.

ಮಾಳಪ್ಪ: ಶಬಾಶ್ ಮಗಳ! ನಾನೂ ಅದನ್ನ ಹೇಳಾಕತ್ತೇನಿ ಮುಂಜಾನಿಂದ! ಮುಂದಿನ ವಾರ ಇಳಕಲ್ ಕಡಿ ಟಗರಿನ ಕಾಳಗ ಐತಿ, ಕಟ್ಟಾಮಸ್ತ ತಯಾರ ಮಾಡೇನಿ...

ದಾನಮ್ಮ: ಕಾಳಗಾನೂ ಬಂದ್ ಮಾಡ್ರಿ ಮಾವ. ತಲಿ ಒಡಕೊಂಡ ಟಗರು ತಗೊಂಡ ನಾ ಏನ ಮಾಡ್ಲಿ?

ಮಾಳಪ್ಪನ ಕೈಯಲ್ಲಿ ಹಗ್ಗ ಸಡಿಲಾಯಿತು. ರಂಗವ್ವನ ಕೈಯಲ್ಲಿ ಮೊದಲೇ ಸಡಿಲಾಗಿತ್ತು. ದಾನಮ್ಮ ಎರಡೂ ತುದಿಗಳನ್ನು ಬಿಡಿಸಿಕೊಂಡು, ಟಗರನ್ನು ದೊಡ್ಡಿಯ ಕಡೆಗೆ ನಡೆಸಿಕೊಂಡು ಹೋದಳು. ಛೇರ್ಮನ್ ನಾಯಿಮರಿಯಂತೆ ಹಿಂದೆ ಹೋಯಿತು.

ಇಮಾಮಹುಸೇನ: ಅಕ್ಕಾ, ಗಾಡಿ ತಿರುಗಿಸ್ಲ್ಯಾ? ಆದ್ರ ಹರಕಿ ಹಂಗ ಉಳೀತಲ್ಲ. ದರ್ಯಪ್ಪ ಸಿಟ್ಟಾದ್ರ?

ಮಾಳಪ್ಪ: ಫೈಬರ್ ಸಿಟ್ಟಾಗಾಂಗಿಲ್ಲಲೇ.

ರಂಗವ್ವ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಸಮುದ್ರ ಇರುವ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತು, ಸೆರಗು ತಲೆಗೆಳೆದು, ಎರಡೂ ಕೈ ಜೋಡಿಸಿದಳು.

ರಂಗವ್ವ: ಅಪ್ಪಾ ದರ್ಯಪ್ಪ, ನನ್ನ ಕಡಿಂದ ತಪ್ಪಿಲ್ಲ. ನಿನ್ನ ಪಾಲ ಗಾಡೀತನ ತಂದಿದ್ದೆ. ನಡು ದಾರ್ಯಾಗ ನನ್ನ ಸೊಸಿ ಹಾಯ್ದು ದೋಚಿಬಿಟ್ಲು. ಈ ಕಸಬು ನಿನಗ ಯಾರ ಹೇಳಿ ಕೊಡಬೇಕಾಗಿಲ್ಲ. ಬೇಕಾರ ಆಕೀ ಕೂಡ ನೀನ ಮಾತಾಡ್ಕೋ.